ಒಂದು ಕಾಯಿ ಹೆಚ್ಚು

ಅಮ್ಮ ತೀರಿಕೊಂಡ ಮೇಲೆ ಮಾಡಿದ ಶಿವಗಣಾರಾಧನೆಯ ದಿನ ಊಟಕ್ಕೆ ಎಲೆ ಹಾಕುವ ಮೊದಲು ಹಿರಿಯರೊಬ್ಬರು ಎದ್ದು ನಿಂತು ಅವಳ ಬಗ್ಗೆ ನಾಲ್ಕು ಮಾತಾಡಿದರು. "ತಾಯಿ ಆದೋಳು ಕೊಟ್ಟಿದ್ದಕ್ಕೆ ಯಾವತ್ತೂ ಲೆಕ್ಕ ಇಡಲ್ಲ. ಈ ತಾಯೀನೂ ಹಂಗೇ ಬದುಕಿದ್ರು" ಎಂದರು. ಶಾಮಿಯಾನದ ಕೆಳಗೆ ಕೂತಿದ್ದವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಆ ಹೊತ್ತಿನಲ್ಲಿ ಅಮ್ಮನ ಬಗ್ಗೆ ಯಾರು ಏನು ಒಳ್ಳೆಯದು ಹೇಳಿದರೂ ನಿಜವೇ ಅನ್ನಿಸುತ್ತಿತ್ತು. ಅದಾಗಿ ನಾಲ್ಕನೇ ದಿನ ನಾನೂ ಅತ್ತಿಗೆಯೂ ಅವಳ ಬೀರು ತೆಗೆದೆವು. ಸೀರೆಗಳ ಕೆಳಗೆ, ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟ ಮೂರು ಪುಸ್ತಕ ಸಿಕ್ಕವು. ಮೊದಲನೆಯದು ಕೊಬ್ಬರಿ ಮಂಡಿಗಳಲ್ಲಿ ಇರುತ್ತದಲ್ಲ, ಆ ಥರದ ಕೆಂಪು ಬಟ್ಟೆಯ ರಟ್ಟಿನ ಉದ್ದನೆ ಪುಸ್ತಕ. ಉಳಿದೆರಡು ಮಕ್ಕಳ ನೋಟ್‌ಬುಕ್ಕು. 1971ರಿಂದ 2024ರವರೆಗೆ, ಐವತ್ತಮೂರು ವರ್ಷದ ಲೆಕ್ಕ. ಒಂದು ರೂಪಾಯಿ ಬಿಟ್ಟಿಲ್ಲ, ಒಂದು ರವಿಕೆ ಕಣ ಬಿಟ್ಟಿಲ್ಲ.

ಮದುವೆ, ನಾಮಕರಣಕ್ಕೆ ಯಾರು ಏನು ಉಡುಗೊರೆ ಕೊಟ್ಟರು ಅಂತ ಬರೆದಿಡುವ ಮುಯ್ಯಿ ಪುಸ್ತಕ ಯಾರ ಮನೆಯಲ್ಲಿ ಇಲ್ಲ? ನಮ್ಮ ಮನೆಯಲ್ಲೂ ಇದೆ ಅನ್ನುವುದು ನನಗೆ ಗೊತ್ತಿತ್ತು. ಯಾರದಾದರೂ ಮದುವೆಗೆ ಹೊರಡುವ ಹಿಂದಿನ ರಾತ್ರಿ ಅಮ್ಮ ಕನ್ನಡಕ ಹಾಕಿಕೊಂಡು ಅದರಲ್ಲಿ ಬೆರಳಾಡಿಸುತ್ತಾ ಕೂರುತ್ತಿದ್ದುದನ್ನು ಸಾವಿರ ಸಲ ನೋಡಿದ್ದೇನೆ. ಆದರೆ ಒಮ್ಮೆಯೂ ಅದನ್ನು ಕೈಗೆ ತೆಗೆದುಕೊಂಡು ಓದಿರಲಿಲ್ಲ. ಅವತ್ತು ಸಂಜೆ ನಡುಮನೆಯಲ್ಲಿ ಕೂತು ಓದಲು ಶುರು ಮಾಡಿದವಳು ದೀಪ ಹಚ್ಚುವುದನ್ನೂ ಮರೆತೆ. ಆ ಹಿರಿಯರ ಮಾತು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಲೆಕ್ಕ ಇಡದ ಪ್ರೀತಿಯೇ ದೊಡ್ಡದು ಅಂತ ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ನಮ್ಮಮ್ಮ ಲೆಕ್ಕ ಇಟ್ಟಿದ್ದಳು. ಇಟ್ಟೂ ನಮ್ಮನ್ನೆಲ್ಲ ಅಷ್ಟು ಪ್ರೀತಿಸಿದ್ದಳು. ಅವಳು ಹೋಗಿ ಇಷ್ಟು ದಿನವಾದ ಮೇಲೆ ನನಗೆ ಅನ್ನಿಸುತ್ತಿರುವುದೇನೆಂದರೆ, ಆ ಲೆಕ್ಕವೇ ಅವಳ ಪ್ರೀತಿಯಾಗಿತ್ತು.

ಮುಂದಿನಿಂದ ಮದುವೆ, ಹಿಂದಿನಿಂದ ಸಾವು

ಮೊದಲ ಆರು ಪುಟ ಅಮ್ಮನ ಕೈಬರಹವಲ್ಲ. ಅವಳ ಮದುವೆಯಲ್ಲಿ ಚಪ್ಪರದ ಮೂಲೆಯಲ್ಲಿ ಕೂತು ಯಾರೋ ಬರೆದದ್ದು. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು, ಹಾಗಾಗಿ ಪುಸ್ತಕ ಅಲ್ಲಿಂದಲೇ ಬಂದಿರಬೇಕು. ಅದರಲ್ಲಿರುವುದೆಲ್ಲ ಒಂದು ರೂಪಾಯಿ, ಎರಡು ರೂಪಾಯಿ, ಐದು ರೂಪಾಯಿ. ದುಡ್ಡು ಇಲ್ಲದವರು ಒಂದು ಸೇರು ಅಕ್ಕಿ, ಬೆಲ್ಲದ ಅಚ್ಚು, ಕಂಚಿನ ಲೋಟ. ಏಳನೇ ಪುಟದಿಂದ ಅಮ್ಮನ ಅಕ್ಷರ ಶುರುವಾಗುತ್ತದೆ. ಏಳನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ದುಂಡಗೆ, ಒತ್ತಕ್ಷರಗಳು ಮಾತ್ರ ಕೆಳಗಿನ ಗೆರೆ ದಾಟಿ ಇಳಿದಿರುತ್ತವೆ. ಪುಟದ ನಡುವೆ ಅವಳೇ ಗೆರೆ ಎಳೆದುಕೊಂಡಿದ್ದಾಳೆ. ಎಡಕ್ಕೆ "ಬಂದದ್ದು", ಬಲಕ್ಕೆ "ಹೋದದ್ದು". ಬಂದದ್ದು ವಾಪಸ್ ಹೋಯಿತು ಅಂದರೆ ಅದರ ಮೇಲೆ ತೆಳ್ಳಗೆ ಒಂದು ಅಡ್ಡಗೆರೆ. ಹೊಡೆದು ಹಾಕಿದ ಗೆರೆಯಲ್ಲ ಅದು, ಕೆಳಗಿನ ಅಕ್ಷರ ಓದಲು ಬರುವ ಹಾಗೆ ಎಳೆದದ್ದು.

ಅವಳ ಪುಸ್ತಕದಲ್ಲಿ ಜನರ ಹೆಸರು ಕಡಿಮೆ. "ಮೂಲೆಮನೆ ಅಜ್ಜಿ", "ಪಾತ್ರೆ ಅಂಗಡಿಯವರು", "ಹಾಲಿನವನ ತಂಗಿ", "ರೈಲ್ವೆ ಕ್ವಾರ್ಟರ್ಸ್ ಮನೆ", "ಟೈಲರ್ ಹೆಂಡತಿ, ಎರಡನೆಯವಳು". ಓದುತ್ತಾ ಹೋದರೆ ನಮ್ಮ ಬೀದಿ ಕಣ್ಣೆದುರು ಎದ್ದು ಬರುತ್ತದೆ. ಪುಟ ತಿರುವಿದ ಹಾಗೆ ಕಂಚು ಹೋಗಿ ಸ್ಟೀಲು ಬರುತ್ತದೆ. ಒಂದು ಕಾಲದಲ್ಲಿ ಎಲ್ಲರೂ ಸ್ಟೀಲ್ ಲೋಟವನ್ನೇ ಕೊಟ್ಟಿದ್ದಾರೆ. ಆಮೇಲೆ ಗೋಡೆ ಗಡಿಯಾರ, ಆಮೇಲೆ ಬರೀ ಕವರು. 2016ರ ನವೆಂಬರಿನಲ್ಲಿ ಅಣ್ಣನ ಮನೆಯ ಗೃಹಪ್ರವೇಶ. ಐನೂರು, ಸಾವಿರದ ನೋಟು ರದ್ದಾಗಿ ಇನ್ನೂ ಎರಡು ವಾರ ಆಗಿರಲಿಲ್ಲ. ಬಂದ ಕವರುಗಳಲ್ಲಿ ಅರ್ಧಕ್ಕರ್ಧ ಹಳೇ ಐನೂರರ ನೋಟು. ಅಣ್ಣನಿಗೆ ಸಿಟ್ಟು ಬಂದಿತ್ತು, ನಡೆಯದ ನೋಟನ್ನು ನಮಗೆ ದಾಟಿಸಿದರಲ್ಲ ಅಂತ. ಅಮ್ಮ ಒಂದನ್ನೂ ಬಿಡದೆ ಪೂರ್ತಿ ಐನೂರು ಅಂತಲೇ ಬರೆದುಕೊಂಡಳು, ಬ್ಯಾಂಕಿನ ಸಾಲಿನಲ್ಲಿ ತಾನೇ ನಿಂತು ಕಟ್ಟಿ ಬಂದಳು. "ನೋಟು ಹಳೇದಾಯ್ತು ಅಂತ ಕೊಟ್ಟೋರು ಹಳಬ್ರಲ್ವೇನೋ?" ಅಂದಳು. ಅಣ್ಣ ಸುಮ್ಮನಾದ.

ಪುಸ್ತಕ ತಿರುಗಿಸಿ ಹಿಂದಿನಿಂದ ತೆಗೆದರೆ ಬೇರೆಯದೇ ಲೆಕ್ಕ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಮುಂದಿನಿಂದ. ಸಾವಿನದು ಹಿಂದಿನಿಂದ, ತಲೆಕೆಳಗಾಗಿ. ಸಾವಿನ ಮನೆಗೆ ಮುಯ್ಯಿ ಅನ್ನುವುದಿಲ್ಲ. ಆದರೆ ಅಮ್ಮ ಅದನ್ನೂ ಬರೆದಿದ್ದಾಳೆ. ಯಾರು ಬಂದರು, ಯಾರು ಹೂವಿನ ಹಾರ ತಂದರು, ಯಾರು ಗುಣಿ ತೋಡಲು ನಿಂತರು, ಯಾರು ರಾತ್ರಿ ಜೊತೆಗೆ ಮಲಗಿದರು. 2020 ಮತ್ತು 21ರ ಪುಟಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಇದೆ: "ಹೋಗಲಾಗಲಿಲ್ಲ." ಎಣಿಸಿದೆ, ಹನ್ನೊಂದು ಮನೆ. ಲಾಕ್‌ಡೌನ್ ತೆಗೆದು ಆಟೋಗಳು ಓಡಾಡಲು ಶುರುವಾದ ಮೇಲೆ ಅಮ್ಮ ವಾರಕ್ಕೊಂದು ಮನೆಯಂತೆ ಹೋಗಿ ಕೂತು ಬಂದಿದ್ದಳು ಅನ್ನುವುದನ್ನು ಅತ್ತಿಗೆ ಈಗ ಹೇಳಿದರು. ಫೋನಿನಲ್ಲಿ ನನಗೆ ಹೇಳುತ್ತಿದ್ದದ್ದು ಮಾತ್ರ, "ಮಂಡಿ ನೋವು ಕಣೇ, ಎಲ್ಲೂ ಹೋಗಲ್ಲ ನಾನು."

ಒಂದೇ ಒಂದು ಕಡೆಗೆ ಕೊಟ್ಟದ್ದನ್ನು ಅಮ್ಮ ಎಲ್ಲೂ ಬರೆದಿಲ್ಲ. ಪ್ರತಿ ವರ್ಷ ತುಮಕೂರಿನ ಸಿದ್ಧಗಂಗಾ ಮಠದ ದಾಸೋಹಕ್ಕೆ ಅಂತ ಒಂದು ಮೂಟೆ ರಾಗಿಯೋ ನೂರು ಕಾಯಿಯೋ ನಮ್ಮ ಮನೆಯಿಂದ ಹೋಗುತ್ತಿತ್ತು. ನಾನೇ ಎಷ್ಟೋ ಸಲ ಮೂಟೆಯ ಬಾಯಿ ಹೊಲಿದಿದ್ದೇನೆ. ಮೂರೂ ಪುಸ್ತಕ ಹುಡುಕಿದೆ, ಅದರ ಒಂದು ಸಾಲೂ ಇಲ್ಲ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಅಮ್ಮ ಬಸ್ಸು ಹತ್ತಿ ಹೋಗಿ, ಆ ಜನಸಾಗರದಲ್ಲಿ ನಿಂತು ದರ್ಶನ ಮಾಡಿ ಬಂದಿದ್ದಳು. ಅದೂ ಹಿಂದಿನ ಪುಟಗಳಲ್ಲಿಲ್ಲ. ಅಂದರೆ ಲೆಕ್ಕ ಇಡದೆ ಕೊಡುವುದೂ ಅವಳಿಗೆ ಗೊತ್ತಿತ್ತು. ಅದು ದಾಸೋಹ, ಅಲ್ಲಿ ಬರೆಯಬಾರದು. ಇದು ಮುಯ್ಯಿ, ಇಲ್ಲಿ ಬರೆಯದೆ ಇರಬಾರದು. ನಾವು ಎರಡನ್ನೂ ಒಂದೇ ಮಾಡಿ, ಬರೆಯದ್ದೇ ದೊಡ್ಡದು ಅಂದುಕೊಂಡಿದ್ದೇವೆ.

ಕಾಯಿಯ ಲೆಕ್ಕ

ಅಮ್ಮ ಬಂದ ಮುಯ್ಯಿಯ ಪಕ್ಕ ಒಂದು ಕಂಸ ಹಾಕಿ ಕಾಯಿ ಎಷ್ಟು ಅಂತ ಬರೆಯುತ್ತಿದ್ದಳು. "5 ರೂ. (12 ಕಾಯಿ)". "51 ರೂ. (17 ಕಾಯಿ)". ಮೊದಲು ಇದು ನನಗೆ ಅರ್ಥವಾಗಲಿಲ್ಲ. ದುಡ್ಡಿನ ಜೊತೆಗೆ ಕಾಯಿಯನ್ನೂ ಕೊಟ್ಟರೇನೋ ಅಂದುಕೊಂಡೆ. ಅಣ್ಣನೇ ಬಿಡಿಸಿ ಹೇಳಿದ. ಆವತ್ತಿನ ದಿನ ಆ ದುಡ್ಡಿಗೆ ಎಷ್ಟು ತೆಂಗಿನಕಾಯಿ ಬರುತ್ತಿತ್ತೋ ಅದನ್ನು ಅಮ್ಮ ಗುರುತು ಹಾಕಿಕೊಳ್ಳುತ್ತಿದ್ದಳಂತೆ. ಬೇರೆಯವರ ಅಕ್ಷರವಿದ್ದ ಮೊದಲ ಪುಟಗಳಿಗೂ ಆಮೇಲೆ ಪೆನ್ಸಿಲಿನಲ್ಲಿ ಸೇರಿಸಿದ್ದಾಳೆ. ಹದಿನೈದು ವರ್ಷದ ನಂತರ ಆ ಮನೆಯಲ್ಲಿ ಮದುವೆಯಾದರೆ ಐದು ರೂಪಾಯಿಗೆ ಐದು ರೂಪಾಯಿ ಕೊಟ್ಟರೆ ಮರ್ಯಾದೆಯೇ? ಹನ್ನೆರಡು ಕಾಯಿಗೆ ಇವತ್ತಿನ ರೇಟು ಎಷ್ಟೋ ಅಷ್ಟು, ಅದರ ಮೇಲೆ ಇನ್ನೊಂದು ಕಾಯಿಯ ದುಡ್ಡು. ಅಷ್ಟನ್ನು ಕವರಿಗೆ ಹಾಕಬೇಕು. ರೂಪಾಯಿ ವರ್ಷ ವರ್ಷಕ್ಕೂ ಇಳಿಯುತ್ತದೆ, ಕಾಯಿ ಅವತ್ತೂ ಕಾಯಿ, ಇವತ್ತೂ ಕಾಯಿ. ಮಂಡಿ ಗುಮಾಸ್ತರ ಹೆಂಡತಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಕಡೆಯವರಿಗೆ ಕಾಯಿ ಅಂದರೆ ಏನು ಅಂತ ಹೇಳುವ ಅಗತ್ಯವಿಲ್ಲ. ಆದರೆ ಅಮ್ಮನ ಅಟ್ಟದ ಬಗ್ಗೆ ಹೇಳಲೇಬೇಕು. ಎರಡು ಎಕರೆ ತೋಟ ನಮ್ಮದು. ಕೆಡವಿದ ಕಾಯಿಯಲ್ಲಿ ಬಲಿತದ್ದನ್ನು ಆರಿಸಿ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಬೇಕು. ಕೆಳಗಿನ ಅಡುಗೆಮನೆಯ ಬಿಸಿ ಅದಕ್ಕೆ ಬೇಕು. ಆತುರ ಪಟ್ಟು ಮೊದಲೇ ಸುಲಿದು ಒಡೆದರೆ ಕೊಬ್ಬರಿ ಹಸಿ, ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಹತ್ತನೇ ತಿಂಗಳು ಕಳೆದ ಮೇಲೆ ಅಮ್ಮ ಏಣಿ ಹಾಕಿಕೊಂಡು ಅಟ್ಟ ಹತ್ತುತ್ತಿದ್ದಳು. ನಾನು ಕೆಳಗೆ ಏಣಿ ಹಿಡಿದು ನಿಲ್ಲಬೇಕು. ಮೇಲೆ ಕತ್ತಲು, ಒಂದೇ ಗಾಜಿನ ಹೆಂಚಿನಿಂದ ಬೀಳುವ ಬೆಳಕು. ಅಮ್ಮ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ನೀರಿನ ಸದ್ದು ಬಂದರೆ ಇನ್ನೂ ಆಗಿಲ್ಲ, ಬಲಗಡೆಗೆ. ಸದ್ದೇ ಬರದಿದ್ದರೆ ಒಳಗೆ ಕೆಟ್ಟಿರಬಹುದು, ಬೇರೆ ಇಡು. ಲೊಡಲೊಡ ಅಂತ ಒಣಗಿದ ಸದ್ದು, ಮರದ ಡಬ್ಬಿಯೊಳಗೆ ಗೋಲಿ ಉರುಳಿದ ಹಾಗೆ, ಅದು ಬಂದರೆ ಅವಳ ಮುಖ ಅರಳುತ್ತಿತ್ತು. "ಇದು ಬಿಟ್ಕೊಂಡೈತೆ" ಅನ್ನುತ್ತಿದ್ದಳು. ನೂರಾರು ಕಾಯಿಯನ್ನು ಹೀಗೆ ಒಂದೊಂದಾಗಿ ಕೇಳುತ್ತಾ ಕೂರುವಾಗ ಕೂಗಿದರೂ ಅವಳಿಗೆ ಕೇಳುತ್ತಿರಲಿಲ್ಲ. ನನ್ನ ಮಗಳು ಚಿಕ್ಕವಳಿದ್ದಾಗ ಅಜ್ಜಿಯ ಪಕ್ಕ ಕೂತು ತಾನೂ ಕಾಯಿ ಅಲ್ಲಾಡಿಸಿ ಅಲ್ಲಾಡಿಸಿ ಕೇಳುತ್ತಿದ್ದಳು. ಈಗ ಹತ್ತೊಂಬತ್ತರ ಹುಡುಗಿ, ಬೆಂಗಳೂರಿನ ಮಾರ್ಕೆಟ್ಟಿನಲ್ಲೂ ಕಾಯಿ ಕೊಳ್ಳುವಾಗ ಕಿವಿಗೆ ಹಿಡಿಯದೆ ಬಿಡುವುದಿಲ್ಲ.

ಕಾಯಿಯ ಬೆಲೆ ಏರಿದ ವರ್ಷ ಅಮ್ಮನ ಲೆಕ್ಕಕ್ಕೆ ತೊಂದರೆಯಿರಲಿಲ್ಲ. ಬಿದ್ದ ವರ್ಷ ಬಂತು ಕಷ್ಟ. ಅವಳ ಕೊನೆಯ ವರ್ಷ, 2023ರಲ್ಲಿ, ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇಟ್ಟಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿಗೆ ಹೋಗುತ್ತಿತ್ತು. ರೈತರು ಬೀದಿಗಿಳಿದಿದ್ದರು. ಆ ವರ್ಷದ ಮದುವೆಗಳಿಗೆ ಕಾಯಿ ಲೆಕ್ಕ ಹಿಡಿದು ಕೊಟ್ಟರೆ ಕಮ್ಮಿ ಕೊಟ್ಟ ಹಾಗಾಗುತ್ತದೆ. ಅಮ್ಮ ಏನು ಮಾಡಿದ್ದಾಳೆ ನೋಡಿ: ಆ ವರ್ಷ ನಾಲ್ಕು ಮನೆಗೆ ದುಡ್ಡಿನ ಬದಲು ಕಾಯಿಯನ್ನೇ ಕೊಟ್ಟಿದ್ದಾಳೆ. ಚೀಲದಲ್ಲಿ ಕಾಯಿ ಹಾಕಿಕೊಂಡು ಛತ್ರಕ್ಕೆ ಹೋಗಿದ್ದಾಳೆ. ಅವಳು 2024ರ ಫೆಬ್ರವರಿಯಲ್ಲಿ ತೀರಿಕೊಂಡಳು. ಮುಂದಿನ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲಿಗೆ 20,000 ದಾಟಿತು. ಅಣ್ಣ ಫೋನ್ ಮಾಡಿ ಹೇಳಿದ. ಇಬ್ಬರಿಗೂ ಮಾತು ಮುಂದುವರಿಸಲು ಆಗಲಿಲ್ಲ.

ಮೂರು ದಿನದ ಕಾಫಿ

ಹಿಂದಿನಿಂದ ಶುರುವಾಗುವ ಪುಟಗಳಲ್ಲಿ ನಾನು ಬಹಳ ಹೊತ್ತು ನಿಂತದ್ದು 1994ರ ಪುಟದಲ್ಲಿ. ಅಪ್ಪ ಹೋದ ವರ್ಷ. ನನಗೆ ಹದಿನೆಂಟು. ಅಪ್ಪನನ್ನು ತೋಟದಲ್ಲಿ ಮಣ್ಣು ಮಾಡಿ ಬಂದ ಮಾರನೇ ದಿನ ಬೆಳಗ್ಗೆ ಏನಾಯಿತು ಅನ್ನುವುದು ನನಗೆ ನೆನಪೇ ಇಲ್ಲ. ಅಮ್ಮನಿಗೆ ಇತ್ತು. ಯಾವತ್ತು ಬರೆದಳೋ ಗೊತ್ತಿಲ್ಲ, ಅಕ್ಷರ ಅಲುಗಾಡಿದೆ. "ಎದುರು ಮನೆಯವರು. ಮೂರು ದಿನ ಬೆಳಗ್ಗೆ ಕಾಫಿ, ಎಲ್ಲರಿಗೂ." ಕಂಸವಿಲ್ಲ, ಕಾಯಿಯ ಲೆಕ್ಕವಿಲ್ಲ. ಅದರ ಮೇಲೆ ಅಡ್ಡಗೆರೆ ಇದೆ. ಪಕ್ಕದಲ್ಲಿ ವರ್ಷ: 2009.

2009 ನನಗೆ ನೆನಪಿದೆ. ಮಗಳಿಗೆ ಮೂರು ವರ್ಷ, ಅವಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಆ ವಾರವೇ ಎದುರು ಮನೆಯ ಯಜಮಾನರು ತೀರಿಕೊಂಡರು. ಮಾರನೇ ದಿನ ಬೆಳಗಿನ ಜಾವ ಅಡುಗೆಮನೆಯಲ್ಲಿ ಸದ್ದಾಗಿ ಎದ್ದು ನೋಡಿದರೆ ಅಮ್ಮ ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಿಸುತ್ತಿದ್ದಾಳೆ. ಎರಡು ಫ್ಲಾಸ್ಕು ತೊಳೆದು ಬೋರಲು ಹಾಕಿದ್ದಾಳೆ. ಹೊರಗಿನ್ನೂ ಕತ್ತಲು. ಅವರ ಮನೆ ತುಂಬ ಜನ ಇದ್ದಾರೆ, ಸೊಸೆಯಂದಿರು ಇದ್ದಾರೆ, ಈ ಮಂಡಿ ನೋವಿನಲ್ಲಿ ನೀನೇ ಮಾಡಬೇಕಾ ಅಂತ ನಾನು ರೇಗಿದೆ. "ಮೂರು ದಿನ ಅಷ್ಟೇ ಕಣೇ" ಅಂದಳು. ಮಾತು ಬೆಳೆಸಲಿಲ್ಲ. ಒಂದು ಕೈಯಲ್ಲಿ ಎರಡು ಫ್ಲಾಸ್ಕು, ಇನ್ನೊಂದರಲ್ಲಿ ಲೋಟಗಳ ಬುಟ್ಟಿ, ಸೆರಗು ಸಿಕ್ಕಿಸಿಕೊಂಡು ಬೀದಿ ದಾಟಿದಳು. ಎರಡನೇ ದಿನವೂ ಹಾಗೇ. ಮೂರನೇ ದಿನ ಕಾಫಿಯ ಜೊತೆಗೆ ದೊಡ್ಡ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿಯನ್ನೂ ಒಯ್ದಳು. ನಾಲ್ಕನೇ ದಿನ ಎದ್ದವಳು ತುಳಸಿಗೆ ನೀರು ಹಾಕಿ, ಸುಮ್ಮನೆ ಕೂತು ಪೇಪರ್ ಓದಿದಳು. ಇವತ್ತು ಹೋಗಲ್ವಾ ಅಂದೆ. "ಆಯ್ತಲ್ಲ" ಅಂದಳು.

ಆ "ಆಯ್ತಲ್ಲ" ನನಗೆ ಆವತ್ತು ಚುಚ್ಚಿತ್ತು. ಎದುರು ಮನೆಯಲ್ಲಿ ಇನ್ನೂ ಅಳು ನಿಂತಿಲ್ಲ, ಇವಳು ಕೆಲಸ ಮುಗಿಸಿದವಳ ಹಾಗೆ ಪೇಪರ್ ಓದುತ್ತಾಳಲ್ಲ, ಅಮ್ಮನಲ್ಲಿ ಇಷ್ಟು ತಣ್ಣಗಿನ ಜಾಗವೂ ಇದೆಯಾ ಅನ್ನಿಸಿತ್ತು. ಹದಿನೈದು ವರ್ಷ ಆ ಕಾಫಿಯನ್ನು ಹೊತ್ತುಕೊಂಡಿದ್ದಳು ಅನ್ನುವುದು ನನಗೇನು ಗೊತ್ತು? ನಡುವೆ ಆ ಮನೆಗೆ ಎಷ್ಟು ಸಲ ಹೋಗಿ ಬಂದಿಲ್ಲ, ಎಷ್ಟು ಬಟ್ಟಲು ಸಾರು ಆಚೆ ಈಚೆ ಹೋಗಿಲ್ಲ. ಆದರೆ ಸಾವಿನ ಬೆಳಗಿನ ಕಾಫಿಗೆ ಸಾವಿನ ಬೆಳಗಿನ ಕಾಫಿಯೇ ಆಗಬೇಕು. ಅದನ್ನು ಬೇರೆ ಯಾವುದರಿಂದಲೂ ತೀರಿಸಲಾಗದು. ಅಂಥ ದಿನ ಬೇಗ ಬರಲಿ ಅಂತ ಯಾರೂ ಬಯಸುವುದಿಲ್ಲ, ಬಂದ ದಿನ ಮರೆಯುವುದೂ ಇಲ್ಲ. ಮೂರನೇ ದಿನದ ಅವಲಕ್ಕಿ ಯಾಕೆ ಅನ್ನುವುದು ಅಣ್ಣ ಕಾಯಿಯ ಲೆಕ್ಕ ಹೇಳಿದ ಮೇಲೆ ಹೊಳೆಯಿತು. ಅದು ಆ ಒಂದು ಕಾಯಿ ಹೆಚ್ಚು.

ಈ "ಒಂದು ಹೆಚ್ಚು" ಯಾಕೆ ಅಂತ ನಾನು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ. ಕವರಿಗೆ ಒಂದು ರೂಪಾಯಿ ಅಂಟಿಸುವುದು ಶುಭ ಅಂತ ಏನೋ ಹೇಳುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಹೇಳಿದ್ದು ಬೇರೆ. "ಸರಿಗೆ ಸರಿ ಕೊಟ್ಬಿಟ್ರೆ ಮುಗ್ದೋಯ್ತಲ್ಲ ಕಣೇ. ಆಮೇಲೆ ಅವರ್ಯಾರೋ ನಾವ್ಯಾರೋ. ಒಂದು ಹೆಚ್ಚಿಗೆ ಹೋದ್ರೆ ಅದ್ನ ಕೊಡಕ್ಕಾದ್ರೂ ನಮ್ಮನೆ ಕಡೆ ಬರ್ತಾರೆ." ಹಾಗೆ ಅವಳ ಪುಸ್ತಕದಲ್ಲಿ ಯಾವ ಮನೆಯ ಲೆಕ್ಕವೂ ಚುಕ್ತಾ ಆಗಿಲ್ಲ. ಒಂದು ಕಾಯಿ ಆಚೆ, ಇಲ್ಲಾ ಒಂದು ಕಾಯಿ ಈಚೆ. ಅಪ್ಪನಿಲ್ಲದ ಮನೆಯಲ್ಲಿ ಎರಡು ಮಕ್ಕಳನ್ನು ಇಟ್ಟುಕೊಂಡು ಮೂವತ್ತು ವರ್ಷ ಬದುಕಿದವಳ ಸುತ್ತ ಜನ ಹೇಗೆ ಇದ್ದರು ಅನ್ನುವುದಕ್ಕೆ ನಾನು ಬೇರೆ ಉತ್ತರ ಹುಡುಕುವುದಿಲ್ಲ.

ತೀರಿಸಿದ ಇನ್ನೊಂದು ಮುಯ್ಯಿ

ಕನ್ನಡದಲ್ಲಿ ಮುಯ್ಯಿ ತೀರಿಸುವುದು ಅನ್ನುವ ಮಾತಿಗೆ ಎರಡು ಮುಖ. ಉಡುಗೊರೆಗೆ ಉಡುಗೊರೆ ಕೊಡುವುದೂ ಮುಯ್ಯಿ, ಸೇಡು ತೀರಿಸಿಕೊಳ್ಳುವುದೂ ಮುಯ್ಯಿ. ಒಂದೇ ಪದ ಎರಡನ್ನೂ ಹೊತ್ತಿರುವುದು ಸುಮ್ಮನೆ ಅಲ್ಲ. ಯಾರು ಬಂದರು ಅಂತ ಬರೆದುಕೊಳ್ಳುವ ಪುಸ್ತಕದಲ್ಲಿ ಯಾರು ಬರಲಿಲ್ಲ ಅನ್ನುವುದೂ ಬರೆದಿರುತ್ತದೆ.

1994ರ ಪುಟದ ಕೊನೆಯಲ್ಲಿ ಒಂದು ಮನೆಯ ಮುಂದೆ "ಬರಲಿಲ್ಲ" ಅಂತಿದೆ. ಅದು ನನ್ನ ಜೀವದ ಗೆಳತಿಯ ಮನೆ. ಅವಳ ತಂದೆಗೂ ಅಪ್ಪನಿಗೂ ವ್ಯಾಪಾರದ ವಿಷಯದಲ್ಲಿ ಏನೋ ಮಾತಾಗಿತ್ತು. ಅದಕ್ಕೇ ಮಣ್ಣಿಗೂ ಬರಲಿಲ್ಲ. ಐದು ವರ್ಷದ ನಂತರ ಗೆಳತಿಯ ಮದುವೆ. ಅವಳೇ ಮನೆಗೆ ಬಂದು ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಪತ್ರಿಕೆ ಕೊಟ್ಟಳು. ಅಮ್ಮ ಕುಂಕುಮ ಕೊಟ್ಟು, ಕಾಫಿ ಕೊಟ್ಟು, ಚೆನ್ನಾಗಿ ಮಾತಾಡಿಸಿ ಕಳಿಸಿದಳು. ಮದುವೆಯ ದಿನ ಮಾತ್ರ "ನೀನು ಹೋಗ್ಬಾ, ನಾನು ಬರಲ್ಲ" ಅಂದಳು. ಎಷ್ಟು ಬೇಡಿಕೊಂಡರೂ ಬರಲಿಲ್ಲ. ಛತ್ರದಲ್ಲಿ ಗೆಳತಿ ನನ್ನ ಹಿಂದೆ ಕಣ್ಣು ಹಾಯಿಸಿ "ಅಮ್ಮ ಎಲ್ಲಿ?" ಅಂದಾಗ ಜ್ವರ ಅಂತ ಸುಳ್ಳು ಹೇಳಿದೆ. ಅವಳು ನಂಬಲಿಲ್ಲ ಅನ್ನುವುದು ಅವಳ ಮುಖದಲ್ಲೇ ಗೊತ್ತಾಯಿತು. ಆಮೇಲೆ ನಮ್ಮ ಸ್ನೇಹ ಮೊದಲಿನ ಹಾಗೆ ಉಳಿಯಲಿಲ್ಲ.

ಅಮ್ಮ ಇಲ್ಲಿ ತಪ್ಪು ಮಾಡಿದಳು ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ. ತಂದೆಯ ಬಾಕಿಯನ್ನು ಮಗಳ ಹೆಸರಿಗೆ ಬರೆಯಬಾರದಿತ್ತು. ಗಂಡ ಸತ್ತ ದಿನ ಬಾರದವರ ಮನೆಯ ಊಟ ಗಂಟಲಲ್ಲಿ ಇಳಿಯುವುದಿಲ್ಲ ಅನ್ನುವುದೂ ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸರಿಯಾಗುವುದಿಲ್ಲ. ಪ್ರೀತಿಗೆ ಲೆಕ್ಕ ಇಟ್ಟವಳು ನೋವಿಗೂ ಅಷ್ಟೇ ಕಟ್ಟುನಿಟ್ಟಾಗಿ ಇಟ್ಟಳು. ಆ "ಬರಲಿಲ್ಲ" ಮೇಲೆ ಗೆರೆ ಬಿದ್ದಿಲ್ಲ.

ಅಮ್ಮ ಹೋದ ದಿನ ಆ ಗೆಳತಿ ದಾವಣಗೆರೆಯಿಂದ ಬಂದಳು. ಬಾಗಿಲಲ್ಲಿ ನಿಂತಿದ್ದವಳನ್ನು ನಾನು ತಕ್ಷಣಕ್ಕೆ ಗುರುತಿಸಲಿಲ್ಲ, ಕೂದಲು ಬೆಳ್ಳಗಾಗಿತ್ತು. ಅಮ್ಮನ ಕಾಲು ಮುಟ್ಟಿ, ನನ್ನ ಪಕ್ಕ ಬಂದು ಕೂತು, ಮಣ್ಣಾಗುವವರೆಗೂ ಎದ್ದು ಹೋಗಲಿಲ್ಲ. ಪುಸ್ತಕ ಸಿಕ್ಕ ಮೇಲೆ ಹಿಂದಿನ ಕಡೆಯಿಂದ ಹೊಸ ಪುಟ ತೆಗೆದು ಅಮ್ಮನ ಸಾವಿಗೆ ಬಂದವರನ್ನು ನಾನೇ ಬರೆದೆ. ಅವಳ ಹೆಸರನ್ನು ಮೊದಲು ಬರೆದೆ.

ನನ್ನ ಹೆಸರಿನ ಪುಟ

ನಮ್ಮ ಲೆಕ್ಕ ಅದರಲ್ಲಿ ಇರುವುದಿಲ್ಲ ಅಂದುಕೊಂಡಿದ್ದೆ. ಮಕ್ಕಳಲ್ಲವೇ? ಎರಡನೇ ಪುಸ್ತಕದಲ್ಲಿ "ಮಗಳು" ಅಂತ ತಲೆಬರಹವಿರುವ ಪುಟ ಕಂಡಾಗ ಎದೆ ಧಸಕ್ಕೆಂದಿತು. 1998ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೊದಲು ಕಳಿಸಿದ ಐನೂರರ ಮನಿಯಾರ್ಡರಿನಿಂದ ಹಿಡಿದು, ತಿಂಗಳು ತಿಂಗಳಿಗೂ ಕಳಿಸಿದ್ದು, ಕಣ್ಣಿನ ಆಪರೇಷನ್ನಿಗೆ ಕೊಟ್ಟಿದ್ದು, ಫ್ರಿಜ್ಜು, ಮಂಡಿಗೆ ಹಚ್ಚುವ ಎಣ್ಣೆ, ಎಲ್ಲವೂ "ಬಂದದ್ದು" ಕಡೆ. ಪಾತ್ರೆ ಅಂಗಡಿಯವರನ್ನು ಬರೆದ ಹಾಗೇ ನನ್ನನ್ನೂ ಬರೆದಿದ್ದಾಳೆ. ಆ ರಾತ್ರಿ ನಾನು ತುಂಬ ಅತ್ತೆ. ನಾನೇನು ಹೊರಗಿನವಳಾ, ನನ್ನ ದುಡ್ಡೂ ನಿನಗೆ ಸಾಲವಾ ಅಂತ ಇಲ್ಲದ ಅಮ್ಮನ ಜೊತೆ ಜಗಳವಾಡಿದೆ.

ಬಲಗಡೆ ಓದಿದ್ದು ಮಾರನೇ ದಿನ. "ಕೊಬ್ಬರಿ 4 ಕೆಜಿ. ಚಟ್ನಿಪುಡಿ. ಹುಣಸೆಹಣ್ಣು, ಬೀಜ ತೆಗೆದದ್ದು." ಇದು ನೂರಾರು ಸಲ. ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಕಾಲಡಿ ಇರುತ್ತಿದ್ದ ಪ್ರತಿ ಚೀಲ ಅಲ್ಲಿದೆ. "ಬಾಣಂತನ, 3 ತಿಂಗಳು", ಇದಕ್ಕೆ ಮಾತ್ರ ಕಂಸವಿಲ್ಲ. "ಮೊಮ್ಮಗಳಿಗೆ ಜ್ವರ, ಹೋಗಿ 9 ದಿನ ಇದ್ದೆ." ಮತ್ತೆ ಒಂದು ಸಾಲು, 2011ರದು: "ಜಗಳ ಆಡಿ ಹೋದಳು. ನಾನು ಫೋನ್ ಮಾಡಿದೆ." ಅದೂ "ಹೋದದ್ದು" ಕಡೆಗೇ ಇದೆ. ಆ ಜಗಳ ಯಾವುದು ಅನ್ನುವುದು ನನಗೆ ಚೆನ್ನಾಗಿ ನೆನಪಿದೆ. ತಪ್ಪು ನನ್ನದಿತ್ತು. ಮೂರು ದಿನ ನಾನು ಫೋನ್ ಮಾಡಲಿಲ್ಲ. ನಾಲ್ಕನೇ ದಿನ ಅವಳೇ ಮಾಡಿ, ಏನೂ ಆಗದವಳ ಹಾಗೆ "ಅವರೆಕಾಯಿ ಬಂದೈತೆ, ಹಿದುಕಿ ಕಳಿಸ್ಲಾ?" ಅಂದಿದ್ದಳು.

ಎಡಗಡೆಯನ್ನೂ ಬಲಗಡೆಯನ್ನೂ ಎಣಿಸಿ ಕೂಡಿಸಲು ಹೋಗಲಿಲ್ಲ. ಅದು ಕೂಡುವ ಲೆಕ್ಕವಲ್ಲ. ಮಕ್ಕಳು ಕೊಟ್ಟಿದ್ದು ಹಕ್ಕು ಅಂತ ಅವಳು ಒಮ್ಮೆಯೂ ಅಂದುಕೊಳ್ಳಲಿಲ್ಲ, ಅಷ್ಟೇ. ನಾನು ಕಳಿಸಿದ ಪ್ರತಿಯೊಂದನ್ನೂ ಅವಳು ನೋಡಿದ್ದಳು, ನೆನಪಿಟ್ಟಿದ್ದಳು. ನಾನೋ, ಅವಳು ಕೊಟ್ಟ ಚೀಲಗಳನ್ನು ಭಾರ ಅಂತ ಬೈದುಕೊಂಡು ಹೊತ್ತಿದ್ದೆ.

ಅರಸೀಕೆರೆ

ಮೊದಲ ಪುಸ್ತಕದ ಮೊದಲ ಪುಟದಲ್ಲಿ, 1971ರದು, ಗೆರೆ ಬೀಳದ ಒಂದು ಸಾಲಿದೆ. "ರೈಲ್ವೆ ಕ್ವಾರ್ಟರ್ಸ್ ಮನೆ, 2 ರೂ." ಪಕ್ಕದಲ್ಲಿ ಪೆನ್ಸಿಲಿನಲ್ಲಿ "(5 ಕಾಯಿ)". ಅದರ ಕೆಳಗೆ ಇನ್ನೊಂದು ಕಾಲದ ಶಾಯಿಯಲ್ಲಿ "ಊರು ಬಿಟ್ಟರು". ಮತ್ತೂ ಕೆಳಗೆ, ಬಾಲ್ ಪೆನ್ನಿನಲ್ಲಿ, "ಅರಸೀಕೆರೆ?" ಅಂತ ಪ್ರಶ್ನೆ ಹಾಕಿದ್ದಾಳೆ. ಆ ಮನೆಯವರಿಗೆ ವರ್ಗವಾಗಿ ಹೋದ ಮೇಲೆ ವಿಳಾಸ ಸಿಗಲಿಲ್ಲ. ತಿಪಟೂರಿನಿಂದ ಅರಸೀಕೆರೆ ಎಷ್ಟು ದೂರ? ರೈಲು ಹತ್ತಿ ಕೂತರೆ ಪಕ್ಕದ ಊರು. ಆದರೂ ಐವತ್ತು ವರ್ಷ ಅದು ಹಾಗೇ ಉಳಿದಿತ್ತು.

ಅಮ್ಮನ ಶಿವಗಣಾರಾಧನೆಗೆ ಅರಸೀಕೆರೆಯಿಂದ ಒಬ್ಬ ವೃದ್ಧರು ಬಂದಿದ್ದರು. ಅಪ್ಪನ ಕಾಲದ ಪರಿಚಯ, ಯಾರೋ ಹೇಳಿದರು ಅಂತ ಬಂದೆ ಅಂದರು. ಅಣ್ಣ ಅವರ ನಂಬರು ತೆಗೆದುಕೊಂಡಿದ್ದ. ಪುಸ್ತಕ ನೋಡಿದ ಮೇಲೆ ಫೋನ್ ಮಾಡಿ ಕೇಳಿದರೆ, ಅದೇ ಮನೆ. ಎರಡು ರೂಪಾಯಿಯ ನೆನಪು ಅವರಿಗಿರಲಿಲ್ಲ. ನಾವೂ ಎತ್ತಲಿಲ್ಲ. ಹೋದ ವರ್ಷ ಅವರ ಮೊಮ್ಮಗಳ ಮದುವೆ, ವಾಟ್ಸಾಪಿನಲ್ಲಿ ಪತ್ರಿಕೆ ಬಂತು. ಒಂದು ಒಳ್ಳೇ ಸೀರೆ ಕೊಟ್ಟು ಬಾ ಅಂದ ಅಣ್ಣ. ನಾನು ಹಿಂದಿನ ದಿನವೇ ಊರಿಗೆ ಹೋಗಿ ಅಟ್ಟ ಹತ್ತಿದೆ. ಮಗಳು ಏಣಿ ಹಿಡಿದುಕೊಂಡಳು. ಹೊಸದಾಗಿ ಹಾಕಿದ್ದರಲ್ಲಿ ನೀರು ತುಂಬಿದ, ಬಲಿತ ಕಾಯಿ ಆರಿಸಿ ಕೆಳಗೆ ಕೊಟ್ಟೆ. ಅವಳು ಪ್ರತಿಯೊಂದನ್ನೂ ಕಿವಿಗೆ ಹಿಡಿದು ನೋಡಿ ಒಂದನ್ನು ವಾಪಸ್ ಕೊಟ್ಟಳು. "ಇದು ಬೇಡ, ಅಜ್ಜಿ ಇದ್ದಿದ್ರೆ ಇಟ್ಕೊತಿರ್ಲಿಲ್ಲ." ಬೇರೆ ಕೊಟ್ಟೆ. ಸುಲಿದು, ಜುಟ್ಟು ಬಿಟ್ಟು, ಅರಿಶಿನ ಹಚ್ಚಿ, ಬಟ್ಟೆಯ ಚೀಲಕ್ಕೆ ಹಾಕಿದೆವು.

ಛತ್ರದ ಬಾಗಿಲಲ್ಲಿ ಮೇಜು ಹಾಕಿಕೊಂಡು ಇಬ್ಬರು ಹುಡುಗರು ಕೂತಿದ್ದರು. ಒಬ್ಬನ ಮುಂದೆ ನೋಟ್‌ಬುಕ್ಕು, ಇನ್ನೊಬ್ಬನ ಮುಂದೆ ಫೋನಿನಲ್ಲಿ ದುಡ್ಡು ಹಾಕಲು ಇಟ್ಟ ಸ್ಕ್ಯಾನರ್. ನಾನು ಚೀಲವನ್ನು ಮೇಜಿನ ಮೇಲಿಟ್ಟೆ.

"ಆಂಟಿ, ಕಾಯಿ ಒಳಗೆ ಅಡುಗೆಮನೆಗೆ ಕೊಟ್ಬಿಡಿ. ಇಲ್ಲಿ ಕವರ್ ಮಾತ್ರ ಬರ್ಕೊತೀವಿ."

"ಇದೇ ಮುಯ್ಯಿ ಕಣಪ್ಪ. ಬರ್ಕೊ."

ಹುಡುಗ ಪಕ್ಕದವನ ಮುಖ ನೋಡಿದ. ಆಮೇಲೆ ಪೆನ್ನು ಎತ್ತಿಕೊಂಡ. "ಯಾರು ಅಂತ ಬರೀಲಿ?"

ಊರವರ ಪುಸ್ತಕಗಳಲ್ಲೆಲ್ಲ ಅಮ್ಮ ಇದ್ದದ್ದು ಗುಮಾಸ್ತರ ಮನೆಯವರು ಅಂತಲೇ. ನಾನು ಅವಳ ಹೆಸರು ಹೇಳಿದೆ. ಅವನು ಬರೆದುಕೊಂಡ.

"ಊರು?"

"ತಿಪಟೂರು."

ಚೀಲದ ಬಾಯಿ ಸರಿಸಿ ಎಣಿಸಿದ. "6 ಕಾಯಿ" ಅಂತ ಬರೆದು, ನನ್ನ ಹಿಂದೆ ನಿಂತಿದ್ದವರ ಕವರಿಗೆ ಕೈ ಚಾಚಿದ.